ಅಕ್ಕನಿಗೆ ಕೊಟ್ಟ ಆಂಪ್ಲಿಫೈಯರ್

ಸೌಂಡುವಿನ ಅಂಗಡಿಯಲ್ಲಿ ಸ್ಕ್ರೂಗಳಿಗೇನೂ ಬರವಿರಲಿಲ್ಲ. ಮೇಜಿನ ಕೆಳಗಿನ ಡ್ರಾಯರಿನ ತುಂಬ ಸ್ಕ್ರೂಗಳೇ: ಉದ್ದನೆಯವು, ಗಿಡ್ಡನೆಯವು, ತುಕ್ಕು ಹಿಡಿದವು, ಯಾವ ಕಾಲದಲ್ಲೋ ಯಾವ ರೇಡಿಯೋದಿಂದಲೋ ಬಿಚ್ಚಿಟ್ಟವು. ಆದರೂ ಮೂರು ವರ್ಷದಿಂದ ಒಂದು ಸ್ಕ್ರೂ ಬೇಕೆಂದರೆ ಅವನು ರಸ್ತೆ ದಾಟಿ ಎದುರಿನ ಹಾರ್ಡ್‌ವೇರ್ ಅಂಗಡಿಗೆ ಹೋಗುತ್ತಿದ್ದ. ಹಾರ್ಡ್‌ವೇರಿನವನು ಇದೆಂಥ ಶೋಕಿಯಪ್ಪಾ ಎಂದು ನಗುತ್ತಿದ್ದ. ಶೋಕಿಯೂ ಅಲ್ಲ, ಮಣ್ಣೂ ಅಲ್ಲ. ಆ ಡ್ರಾಯರು ಎಳೆದರೆ ಸ್ಕ್ರೂಗಳ ನಡುವೆ ಬೆರಳುದ್ದದ ಒಂದು ತಗಡಿನ ಪಟ್ಟಿ ಕಣ್ಣಿಗೆ ಬೀಳುತ್ತಿತ್ತು. ಅದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ, ಎಸೆಯುವ ಧೈರ್ಯವೂ ಇರಲಿಲ್ಲ.

ಸೌಂಡು ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೈದು ವರ್ಷದಿಂದ ಸ್ಪೀಕರು, ಆಂಪ್ಲಿಫೈಯರು, ಮೈಕು ಮಾರಿಕೊಂಡು, ರಿಪೇರಿ ಮಾಡಿಕೊಂಡು ಬಂದವನಿಗೆ ಬೀದಿಯವರು ದಯಪಾಲಿಸಿದ ಬಿರುದು. ಅವನ ಮಾತನ್ನು ಕಣ್ಣು ಮುಚ್ಚಿಕೊಂಡು ನಂಬಬಹುದು ಎಂದು ಊರಿನ ಹಾಡುವವರು, ನುಡಿಸುವವರು ಎಲ್ಲರೂ ಹೇಳುತ್ತಿದ್ದರು. ಬೇಡವಾದದ್ದನ್ನು ಬೇಡ ಎಂದು ಮುಖದ ಮೇಲೆ ಹೇಳಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ? ಹೀಗೆ ಹೊಗಳಿಸಿಕೊಂಡಾಗಲೆಲ್ಲ ಸೌಂಡು ಮೇಜು ಒರೆಸಲು ಬಟ್ಟೆ ಹುಡುಕುತ್ತಿದ್ದ.

ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ತೆಳ್ಳನೆಯ ಮನುಷ್ಯನೊಬ್ಬ ಬಂದು ಮೂಲೆಯಲ್ಲಿದ್ದ ಪುಟ್ಟ ಆಂಪ್ಲಿಫೈಯರಿನ ತಲೆ ಸವರತೊಡಗಿದ.

"ಇದನ್ನೇ ಕೊಟ್ಬಿಡಿ ಸೌಂಡಣ್ಣ. ಮುದ್ದಾಗಿದೆ. ಒಂದು ಕೈಯಲ್ಲಿ ಎತ್ಕೊಂಡು ಹೋಗ್ಬಹುದು."

"ಅದು ಗಿಟಾರಿಂದು. ನಿಮ್ಗೆ ಬೇಡ."

"ಆಂಪ್ಲಿಫೈಯರ್ ಅಂದ್ರೆ ಆಂಪ್ಲಿಫೈಯರೇ ಅಲ್ವಾ? ವೈರು ಹೋಗುತ್ತೆ, ಸದ್ದು ಬರುತ್ತೆ."

ಈ ಪ್ರಶ್ನೆ ಕೇಳಿದರೆ ಸೌಂಡುವಿನ ಬಾಯಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಸಾವಿರ ಸಲ ಹೇಳಿದ ಪಾಠ ಅದು. "ಸದ್ದು ಬರುತ್ತೆ ಸ್ವಾಮಿ, ಸಂಗೀತ ಬರಲ್ಲ. ಗಿಟಾರಿನ ಸ್ವರಗಳೆಲ್ಲ ನಡುಮಧ್ಯದವು. ಅದಕ್ಕೆ ತಕ್ಕ ಹಾಗೆ ಈ ಡಬ್ಬ ಮಾಡಿರ್ತಾರೆ. ಪಿಯಾನೋ ಹಾಗಲ್ಲ. ಪಾತಾಳದಿಂದ ಹಿಡಿದು ಆಕಾಶದವರೆಗೂ ಸ್ವರ ಇದೆ ಅದಕ್ಕೆ. ಇದರೊಳಗೆ ತುರುಕಿದ್ರೆ ಎಡಗೈ ನುಡಿಸಿದ್ದೆಲ್ಲ ಕೆಸರಾಗುತ್ತೆ, ಒಂದು ಸ್ವರಕ್ಕೆ ಇನ್ನೊಂದು ಅಂಟ್ಕೊಳ್ಳುತ್ತೆ. ಬಲಗೈದು ಕಂಬಳಿ ಹೊದ್ಕೊಂಡು ಮಲಗಿಬಿಡುತ್ತೆ. ಕೀಬೋರ್ಡಿಗೆ ಅಂದ್ರೆ ಕೆಳಗೆ ದೊಡ್ಡ ಸ್ಪೀಕರು, ಮೇಲೆ ಸಣ್ಣ ಸ್ವರಕ್ಕೆ ಬೇರೆ ಚಿಕ್ಕ ಸ್ಪೀಕರು, ಎರಡೂ ಇರೋದೇ ಬೇಕು."

"ನಂಗೂ ಹಂಗೇ ಕೇಳ್ಸುತ್ತೆ ಕಣೋ," ಎಂದಿತು ಬಾಗಿಲಿನ ಕಡೆಯಿಂದ ಒಂದು ದನಿ.

ಸೌಂಡು ಸರಕ್ಕನೆ ತಿರುಗಿದ. ಬಾಗಿಲಲ್ಲಿ ಅಕ್ಕ ಕೊಡೆ ಮಡಚುತ್ತ ನಿಂತಿದ್ದಳು.

"ಥೇಟ್ ಹಂಗೇ. ಕೆಸರು, ಕಂಬಳಿ. ಎಷ್ಟು ಸರಿಯಾಗಿ ಹೇಳ್ದೆ ನೋಡು. ನಂದು ಕಿವಿ ದೋಷ, ನೀನು ಹೇಳ್ತಿರೋದು ಡಬ್ಬದ ದೋಷ, ಅಷ್ಟೇ ವ್ಯತ್ಯಾಸ." ಅವಳು ನಕ್ಕು ಸ್ಟೂಲಿನ ಮೇಲೆ ಕೂತಳು.

ಗಿರಾಕಿಗೆ ಇನ್ನೊಂದು ಸಂಶಯ ಉಳಿದಿತ್ತು. "ಸರಿ ಅಣ್ಣ, ನೋಡಿದ್ರೆ ಗೊತ್ತಾಗೋದು ಹೇಗೆ, ಯಾವುದು ಗಿಟಾರಿಂದು ಅಂತ?"

ಸೌಂಡು ಮೇಜು ಒರೆಸುವ ಬಟ್ಟೆ ಎತ್ತಿಕೊಂಡ. ಗಿರಾಕಿಯೇ ಬಗ್ಗಿ ನೋಡಿದ. "ಓ, ಮುಂದೇನೇ ತಗಡಿನ ಪಟ್ಟಿ ಮೇಲೆ ಬರ್ದಿದ್ದಾರಲ್ಲ."

"ನನ್ನದರಲ್ಲಿ ಏನೂ ಬರ್ದಿಲ್ಲಪ್ಪ," ಎಂದಳು ಅಕ್ಕ ಹೆಮ್ಮೆಯಿಂದ. "ನನ್ನ ತಮ್ಮ ಆರಿಸಿ ಕೊಟ್ಟಿದ್ದು. ಅವನು ಆರಿಸಿದ ಮೇಲೆ ಓದಿ ನೋಡೋದೇನಿದೆ?"

ಗಿರಾಕಿ ಆಮೇಲೆ ಬರುತ್ತೇನೆಂದು ಹೇಳಿ ಹೊರಟುಹೋದ. ಅವನು ಇನ್ನೂ ಸ್ವಲ್ಪ ಹೊತ್ತು ಇರಬಾರದಿತ್ತೇ ಎನಿಸಿತು ಸೌಂಡುವಿಗೆ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅವನಿಗೆ ಶೂ ಲೇಸು ಕಟ್ಟಲು ಕಲಿಸಿದವಳು, ಅವನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಾಗ ಅಪ್ಪನೆದುರು ಅಡ್ಡ ನಿಂತವಳು. ಮೂವತ್ತು ವರ್ಷ ಒಂದೇ ಶಾಲೆಯಲ್ಲಿ, ಒಂದೇ ಹಳೇ ಮರದ ಪಿಯಾನೋದ ಮೇಲೆ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದ ಮೇಲೆ ಮನೆಯಲ್ಲೇ ಪಾಠ ಹೇಳಲೆಂದು ಒಂದು ಎಲೆಕ್ಟ್ರಿಕ್ ಪಿಯಾನೋ ಕೊಂಡಿದ್ದಳು. ಅದರೊಳಗೆ ಸ್ಪೀಕರು ಇರಲಿಲ್ಲ. ಅದನ್ನು ನಾನು ಕೊಡುತ್ತೇನೆ, ಉಡುಗೊರೆಯಾಗಿ, ಎಂದು ಸೌಂಡು ಎಲ್ಲರೆದುರು ಜಂಬದಿಂದ ಹೇಳಿಬಿಟ್ಟಿದ್ದ.

ಹೇಳಿದ್ದು ಸುಳ್ಳಲ್ಲ. ಒಳ್ಳೆಯದೊಂದನ್ನು ತರಿಸಲು ಹೇಳಿಯೂ ಇದ್ದ. ಆದರೆ ನೆಂಟರಿಷ್ಟರು ಅಕ್ಕನ ಮನೆಯಲ್ಲಿ ಸೇರುವ ದಿನ ಬಂತು, ಸ್ಪೀಕರು ಬರಲಿಲ್ಲ. ಬರಿಗೈಯಲ್ಲಿ ಹೋದರೆ ಮಾನ ಹೋಗುತ್ತದೆ. ಅಂಗಡಿಯಲ್ಲಿ ಯಾರೋ ಕೊಂಡು ವಾಪಸು ಕೊಟ್ಟಿದ್ದ ಗಿಟಾರ್ ಆಂಪ್ಲಿಫೈಯರೊಂದು ಎರಡು ವರ್ಷದಿಂದ ದಾರಿಗೆ ಅಡ್ಡವಾಗಿ ಕೂತಿತ್ತು. ಎರಡು ವಾರದ ಮಟ್ಟಿಗೆ ಇದಿರಲಿ, ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡ. ಓದು ಬರುವ ನೆಂಟರು ಓದಿಬಿಟ್ಟಾರೆಂದು ಮುಂದಿನ ಪಟ್ಟಿಯ ಎರಡು ಸ್ಕ್ರೂ ಬಿಚ್ಚಿದ, ತೂತುಗಳಿಗೆ ಕಪ್ಪು ಟೇಪು ಅಂಟಿಸಿದ. ಪಟ್ಟಿಯನ್ನು ಡ್ರಾಯರಿಗೆ ಹಾಕಿದ.

ಅಕ್ಕ ಆ ಡಬ್ಬವನ್ನು ತಬ್ಬಿಕೊಂಡೇಬಿಟ್ಟಳು. ಬಂದವರನ್ನೆಲ್ಲ ಕೈಹಿಡಿದು ಕರೆತಂದು ತೋರಿಸಿದಳು. ಎರಡು ವಾರದ ಮೇಲೆ ಒಳ್ಳೆಯ ಸ್ಪೀಕರು ಬಂತು. ಅದೇ ದಿನ ಅವಸರದ ಗಿರಾಕಿಯೊಬ್ಬ ಬಂದು ಕಾಡಿಬೇಡಿ ಒಯ್ದ. ಇನ್ನೊಂದು ತರಿಸಿದ. ಅಷ್ಟರಲ್ಲಿ ತಿಂಗಳುಗಳು ಉರುಳಿದ್ದವು. ಈಗ ಬದಲಾಯಿಸಬೇಕಾದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಲು ನಾಲಿಗೆ ಹೊರಳಲಿಲ್ಲ.

ಹೇಳುವ ಅವಕಾಶ ಒಂದು ದಿನ ತಾನಾಗಿಯೇ ಒದಗಿ ಬಂದಿತ್ತು. ಅಕ್ಕ ಫೋನ್ ಮಾಡಿ, "ಕೆಳಗಿನ ಸ್ವರಗಳೆಲ್ಲ ಒಂದಕ್ಕೊಂದು ಅಂಟ್ಕೊಂಡ ಹಾಗೆ ಕೇಳ್ಸುತ್ತೆ ಕಣೋ, ಯಾಕಿರ್ಬಹುದು?" ಎಂದು ಕೇಳಿದ್ದಳು. ಆಗ ಅವನು ನಕ್ಕು, "ವಯಸ್ಸಾಯ್ತಲ್ಲಕ್ಕಾ, ಕಿವೀನ ಕೇಳು," ಎಂದಿದ್ದ. ಬಾಯಿಗೆ ಬಂದ ತಮಾಷೆ. ಆ ಕಡೆಯಿಂದ ನಗು ಬರಲಿಲ್ಲ. "ಹೌದೇನೋ, ಇರ್ಬಹುದು," ಎಂದು ಮೆಲ್ಲಗೆ ಹೇಳಿ ಫೋನಿಟ್ಟಳು. ತಮ್ಮ ಕೊಟ್ಟದ್ದರಲ್ಲಿ ಕುಂದು ಹುಡುಕುವುದಕ್ಕಿಂತ ತನ್ನ ಕಿವಿಯಲ್ಲಿ ಹುಡುಕುವುದು ಅವಳಿಗೆ ಸುಲಭವಾಗಿತ್ತು.

ಅದಾದ ಮೇಲೆ ಕಿವಿ ಡಾಕ್ಟರ ಹತ್ತಿರ ಜೊತೆಗೆ ಬಾ ಎಂದು ಎರಡು ಸಲ ಕರೆದಳು. ಎರಡು ಸಲವೂ ಸೌಂಡು ಕೆಲಸದ ನೆಪ ಹೇಳಿ ಜಾರಿಕೊಂಡ. ಡಾಕ್ಟರು ಕಿವಿ ನೆಟ್ಟಗಿದೆ ಎಂದುಬಿಟ್ಟರೆ? ಆಮೇಲೆ ಅವಳು ನೋಡುವುದು ಡಬ್ಬವನ್ನೇ ತಾನೇ? ಅಕ್ಕ ಒಬ್ಬಳೇ ಹೋಗಲಿಲ್ಲ, ಅವಳಿಗೆ ಭಯ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಮಿಕ್ಕದ್ದಕ್ಕೆಲ್ಲ ಏನಾದರೂ ಸಮಜಾಯಿಷಿ ಸಿಗುತ್ತಿತ್ತು, ಇದೊಂದಕ್ಕೆ ಸಿಗುತ್ತಿರಲಿಲ್ಲ.

ಅಕ್ಕ ಈಗ ಕನ್ನಡಕ ಒರೆಸಿಕೊಂಡು ಬಂದ ವಿಷಯಕ್ಕೆ ಬಂದಳು.

"ನೋಡು, ನಾನು ತೀರ್ಮಾನ ಮಾಡಿದ್ದಾಯ್ತು. ಪಾಠ ನಿಲ್ಲಿಸ್ತಿದೀನಿ. ಕೇಳಿಸದೆ ಇರೋರು ಕಲಿಸಬಾರ್ದು. ಪಿಯಾನೋನ ನಮ್ಮ ಹಳೇ ಶಾಲೆಗೆ ಕೊಟ್ಬಿಡ್ತೀನಿ. ಅದಕ್ಕೊಂದು ಸ್ಪೀಕರು ಬೇಕಂತೆ, ಯಾವುದು ಒಳ್ಳೇದು ಅಂತ ಹೆಡ್‌ಮೇಡಂ ಕೇಳಿದ್ರು."

"ನಿನ್ನ ಹತ್ರ ಇರೋದು?"

"ಅದನ್ನ ಕೊಡಲ್ಲಪ್ಪ, ನೀನು ಕೊಟ್ಟಿದ್ದು. ಅದು ಮನೇಲೇ ಇರ್ಲಿ, ಅದರ ಮೇಲೊಂದು ಹೂದಾನಿ ಇಡ್ತೀನಿ. ಶಾಲೆಗೂ ಅಂಥದ್ದೇ ಒಂದು ಆರಿಸಿ ಕೊಡು. ಥೇಟ್ ಅಂಥದ್ದೇ."

ಅಂಥದ್ದನ್ನೇ ಕೊಟ್ಟರೆ ಶಾಲೆಯ ಮಕ್ಕಳ ಕಿವಿಯೂ ಕೆಟ್ಟಿತು. ಬೇರೆಯದನ್ನು ಕೊಟ್ಟರೆ, ಅಕ್ಕ ಒಂದು ದಿನ ಶಾಲೆಗೆ ಹೋಗಿ ಕೇಳಿದರೆ, ಎಲ್ಲ ತಿಳಿದುಬಿಡುತ್ತದೆ. ಸೌಂಡು ಎದ್ದು ಸುಮ್ಮನೆ ಎರಡು ವೈರು ಸುತ್ತಿಟ್ಟ. ಸುತ್ತಿಟ್ಟದ್ದನ್ನು ಬಿಚ್ಚಿದ. ಆಮೇಲೆ ಒಳಗಿನಿಂದ ದೊಡ್ಡ ಸ್ಪೀಕರೊಂದನ್ನು ಎತ್ತಿ ತಂದು, ಗಿರಾಕಿಗಳು ನುಡಿಸಿ ನೋಡಲೆಂದು ಇಟ್ಟಿದ್ದ ಕೀಬೋರ್ಡಿಗೆ ಜೋಡಿಸಿದ.

"ನುಡಿಸಿ ನೋಡಕ್ಕ."

"ನಾನ್ ನುಡಿಸಿ ಏನ್ ಗೊತ್ತಾಗ್ಬೇಕು? ಕುರುಡರ ಕೈಗೆ ಕನ್ನಡಿ ಕೊಟ್ಟ ಹಾಗೆ."

"ನುಡಿಸು ಅಂದೆನಲ್ಲ."

ತಮ್ಮನ ದನಿ ಒರಟಾದದ್ದಕ್ಕೆ ಅವಳು ಹುಬ್ಬೇರಿಸಿದಳು. ಆದರೂ ಕೂತಳು. ಮಕ್ಕಳಿಗೆ ಮೊದಲ ವರ್ಷ ಹೇಳಿಕೊಡುವ ಸಣ್ಣ ಪಾಠವೊಂದನ್ನು, ಮನಸ್ಸಿಲ್ಲದೆ, ಬಲಗೈಯಲ್ಲಿ ಶುರು ಮಾಡಿದಳು. ನಾಲ್ಕು ಸ್ವರವಾಗುವಷ್ಟರಲ್ಲಿ ಬೆರಳು ನಿಂತಿತು. ಮತ್ತೆ ಅದೇ ನಾಲ್ಕು. ಎಡಗೈಯನ್ನು ಕೀಬೋರ್ಡಿನ ತುದಿಗೆ ಒಯ್ದು ಎಲ್ಲಕ್ಕಿಂತ ಕೆಳಗಿನ ಸ್ವರ ಒತ್ತಿದಳು. ಅದರ ಪಕ್ಕದ್ದನ್ನು ಒತ್ತಿದಳು. ಎರಡೂ ಬೇರೆ ಬೇರೆಯಾಗಿ, ದುಂಡಗೆ ಕೇಳಿಸಿದವು. ಆಮೇಲೆ ಎರಡೂ ಕೈ ಸೇರಿಸಿ ಅವಳು ನುಡಿಸಿದ್ದು ಸಣ್ಣ ಪಾಠವಲ್ಲ. ಹಾರ್ಡ್‌ವೇರಿನವನು ಅಂಗಡಿ ಬಿಟ್ಟು ಹೊರಗೆ ಬಂದು ನಿಂತ.

ನುಡಿಸಿ ಮುಗಿದಾಗ ಅವಳ ಕಣ್ಣು ತುಂಬಿತ್ತು.

"ಕಿವಿ ಬಿಡ್ತು ಕಣೋ!" ಎಂದಳು. "ಇವತ್ತು ಕಿವಿ ಬಿಟ್ಟಿದೆ ನಂದು! ಬೆಳಿಗ್ಗೆ ಬಿಸಿ ನೀರಲ್ಲಿ ತಲೆ ತೊಳ್ಕೊಂಡೆ, ಅದಕ್ಕೇ ಇರ್ಬೇಕು. ಅಯ್ಯೋ ದೇವರೇ, ಎಲ್ಲಾ ಕೇಳ್ಸುತ್ತೆ!"

ಸೌಂಡು ಬದುಕಿಕೊಂಡಿದ್ದ. ಬಿಸಿ ನೀರಿನ ಮೇಲೆ ಎಲ್ಲ ಹೊರಿಸಿ ಹೂಂ ಎಂದಿದ್ದರೆ ಸಾಕಿತ್ತು. ಈ ಸ್ಪೀಕರನ್ನೂ ನೀನೇ ಇಟ್ಟುಕೋ ಎಂದು ಮನೆಗೆ ಹೊತ್ತುಕೊಂಡು ಹೋದರೆ ಕಥೆಯೇ ಮುಗಿಯುತ್ತಿತ್ತು, ಮೇಲೆ ಇನ್ನೊಂದು ಉಡುಗೊರೆಯ ಹೆಸರು ಬೇರೆ. ಹೂಂ ಎನ್ನಲು ಬಾಯಿ ತೆರೆದ. ಅಕ್ಕ ಎರಡೂ ಕಿವಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಕಳೆದುಹೋದ ಓಲೆ ಸಿಕ್ಕವಳಂತೆ. ಅದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಕೆಳಗಿನ ಡ್ರಾಯರು ಎಳೆದ. ಸ್ಕ್ರೂಗಳಲ್ಲಿ ಕೈಯಾಡಿಸಿ ಪಟ್ಟಿ ತೆಗೆದು ಅವಳೆದುರು ಕೀಬೋರ್ಡಿನ ಮೇಲಿಟ್ಟ.

"ನಿನ್ನ ಕಿವಿಗೆ ಏನೂ ಆಗಿಲ್ಲಕ್ಕ. ಯಾವತ್ತೂ ಆಗಿರ್ಲಿಲ್ಲ."

ಅಕ್ಕ ಕನ್ನಡಕ ಹಾಕಿಕೊಂಡು ಪಟ್ಟಿ ಓದಿದಳು. ಅವನು ಎಲ್ಲವನ್ನೂ ಹೇಳಿದ. ಸ್ಪೀಕರು ಬಾರದೆ ಹೋದದ್ದು, ಎರಡು ವಾರವೆಂದುಕೊಂಡದ್ದು, ತಮಾಷೆ ಮಾಡಿದ್ದು. ಡಾಕ್ಟರ ಹತ್ತಿರ ಬೇಕೆಂದೇ ಬರಲಿಲ್ಲ ಎಂಬುದನ್ನೂ ಹೇಳಿದ. ಅವಳ ಮುಖಕ್ಕೆ ಮುಖ ಕೊಡದೆ, ಪಟ್ಟಿಯನ್ನೇ ನೋಡುತ್ತ ಹೇಳಿದ.

"ಎರಡು ತೂತು," ಎಂದಳು ಅಕ್ಕ ಪಟ್ಟಿಯ ತುದಿಗಳನ್ನು ಸವರುತ್ತ. "ಟೇಪು ಆಗಾಗ ಕಿತ್ತು ಬರ್ತಿತ್ತು ಕಣೋ. ತಮ್ಮ ಕೊಟ್ಟಿದ್ದು ಚೆನ್ನಾಗಿ ಕಾಣ್ಬೇಕು ಅಂತ ಪ್ರತಿ ಸಲ ನಾನೇ ಹೊಸ ಟೇಪು ಅಂಟಿಸ್ತಿದ್ದೆ."

"ಬೈಯಕ್ಕ. ಎರಡು ಬಾರಿಸು ಬೇಕಾದ್ರೆ."

ಅವಳು ಬೈಯಲಿಲ್ಲ. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವಳ ಕೈ ಇದ್ದಕ್ಕಿದ್ದಂತೆ ನಿಂತಿತು.

"ಹಾಗಾದ್ರೆ ಗುಬ್ಬಿ?"

ಗುಬ್ಬಿ ಅಕ್ಕನ ಶಿಷ್ಯೆ. ಒಂಬತ್ತನೇ ವಯಸ್ಸಿಗೆ ಪಾಠಕ್ಕೆ ಬಂದಾಗ ಸ್ಟೂಲಿನ ಮೇಲೆ ಎರಡು ದಪ್ಪ ಪುಸ್ತಕ ಹಾಕಿ ಕೂರಿಸಬೇಕಿತ್ತು, ಅದಕ್ಕೇ ಆ ಹೆಸರು. ಮೂವತ್ತು ವರ್ಷದಲ್ಲಿ ಅಂಥ ಕೈ ಇನ್ನೊಂದು ನೋಡಿಲ್ಲ ಎಂದು ಅಕ್ಕ ಸಾರಿಕೊಂಡು ಓಡಾಡುತ್ತಿದ್ದಳು. ಸಂಗೀತ ಕಾಲೇಜಿನ ಪ್ರವೇಶ ಪರೀಕ್ಷೆಗೆ ಅವಳನ್ನು ತಯಾರು ಮಾಡುತ್ತಿದ್ದದ್ದೂ ಸೌಂಡುವಿಗೆ ಗೊತ್ತಿತ್ತು. ಆಮೇಲೆ ಯಾಕೋ ಬಿಟ್ಟಳು ಎಂದಷ್ಟೇ ಕೇಳಿದ್ದ, ಅದನ್ನೇ ಈಗ ಹೇಳಿದ.

"ಯಾಕೋ ಅಲ್ಲ," ಎಂದಳು ಅಕ್ಕ. "ನಾನು ಬಿಡಿಸಿದ್ದು. ಮನೇಲಿ ಪಾಠ ಶುರು ಮಾಡಿದ ಮೇಲೆ ಅವಳ ಎಡಗೈ ಕೆಸರು ಕೆಸರು ಕೇಳ್ಸೋಕೆ ಶುರುವಾಯ್ತು. ಬಿಡಿಸಿ ನುಡಿಸು ಅಂದೆ. ಮೆಲ್ಲಗೆ ಒತ್ತು ಅಂದೆ. ಆರು ತಿಂಗಳು ಬೈದೆ. ಬೆರಳು ನೋಯೋ ತನಕ ಅದೊಂದೇ ಕೈ ಅಭ್ಯಾಸ ಮಾಡಿಸ್ದೆ. ಕೊನೆಗೆ, ನಿನ್ನ ಎಡಗೈ ಇಷ್ಟೇ ಕಣಮ್ಮ, ಪರೀಕ್ಷೆಗೆ ಹೋಗಿ ನಗೆಪಾಟಲು ಆಗ್ಬೇಡ ಅಂತ ನಾನೇ ಹೇಳ್ದೆ. ಒಂದು ಮಾತು ಎದುರಾಡ್ಲಿಲ್ಲ ಅವಳು. ಥ್ಯಾಂಕ್ಸ್ ಟೀಚರ್ ಅಂದು ಎದ್ದು ಹೋದ್ಳು."

ಸೌಂಡು ಗೋಡೆಗೆ ಒರಗಿ ನಿಂತ.

"ನನ್ನ ಕಿವಿ ಮೇಲೆ ಅನುಮಾನ ಬರೋಕ್ಕಿಂತ ಮುಂಚೆ ಅವಳ ಕೈ ಮೇಲೆ ಅನುಮಾನ ಬಂತು ಕಣೋ ನಂಗೆ. ನಿನ್ನ ಡಬ್ಬದ ಮೇಲೆ ಮಾತ್ರ ಬರ್ಲಿಲ್ಲ." ಅವಳು ಕೊಡೆ ಎತ್ತಿಕೊಂಡು ಎದ್ದಳು. "ಅಂಗಡಿ ಬಾಗಿಲು ಹಾಕು. ಬಾ ನನ್ನ ಜೊತೆ. ನೀನೇ ಹೇಳು ಅವಳಿಗೆ."

ಗುಬ್ಬಿ ಈಗ ಎರಡು ಬೀದಿ ಆಚೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಿಳಿ ಕೋಟು ಹಾಕಿಕೊಂಡು ಮಾತ್ರೆಗಳನ್ನು ಎಣಿಸಿ ಪುಟ್ಟ ಕವರುಗಳಿಗೆ ತುಂಬುತ್ತಿದ್ದಳು. ಟೀಚರನ್ನು ಕಂಡು ಮುಖ ಅರಳಿತು. ಇಬ್ಬರು ಗಿರಾಕಿಗಳು ಹೋಗುವ ತನಕ ಸೌಂಡು ಕೆಮ್ಮಿನ ಔಷಧಿಗಳ ಹೆಸರು ಓದುತ್ತ ನಿಂತ. ಆಮೇಲೆ ಕೌಂಟರಿನ ಮೇಲೆ ಪಟ್ಟಿ ಇಟ್ಟು, ಅರ್ಧ ಗಂಟೆಯ ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದ. ಎರಡನೇ ಸಲ ಹೇಳುವುದು ಸುಲಭವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ.

ಗುಬ್ಬಿ ಕೇಳಿಸಿಕೊಂಡಳು. ಆಮೇಲೆ ಸಮಾಧಾನದ ನಗೆ ನಕ್ಕಳು.

"ಪರವಾಗಿಲ್ಲ ಅಂಕಲ್. ಟೀಚರ್ ನೊಂದ್ಕೊಂಡಿದ್ದಾರೆ ಅಂತ ನೀವು ಹೀಗೆ ಹೇಳ್ತಿದೀರಿ, ಅಲ್ವಾ? ನನ್ನ ಎಡಗೈ ಇಷ್ಟೇ, ನಂಗೆ ಗೊತ್ತು. ಟೀಚರ್ ಸುಮ್ಸುಮ್ನೆ ಹೇಳೋರಲ್ಲ."

"ನಾನು ಹೇಳಿದ್ದು ತಪ್ಪು ಕಣೇ," ಎಂದಳು ಅಕ್ಕ.

"ಇಲ್ಲ ಟೀಚರ್. ಆಮೇಲೆ ನಾನೂ ಗಮನಿಸಿ ನೋಡಿದೀನಿ. ಮಾತ್ರೆ ಎಣಿಸುವಾಗ್ಲೂ ಎಡಗೈ ತಡವರಿಸುತ್ತೆ." ಅವಳು ಎಡಗೈಯನ್ನು ಕೋಟಿನ ಜೇಬಿಗೆ ಇಳಿಸಿದಳು, ತೋರಿಸಬಾರದ ವಸ್ತುವಿನಂತೆ.

ಅಕ್ಕ ತನ್ನ ಕಿವಿಯನ್ನು ಹೇಗೆ ಒಪ್ಪಿಸಿಬಿಟ್ಟಿದ್ದಳೋ ಹಾಗೆಯೇ ಈ ಹುಡುಗಿ ತನ್ನ ಕೈಯನ್ನು ಒಪ್ಪಿಸಿಬಿಟ್ಟಿದ್ದಳು. ಒಂದು ಟೇಪಿನ ತುಂಡು ಅಂಟಿಸಲು ಸೌಂಡುವಿಗೆ ಎರಡು ನಿಮಿಷವೂ ಹಿಡಿದಿರಲಿಲ್ಲ.

"ಭಾನುವಾರ ಮನೆಗೆ ಬಾ," ಎಂದಳು ಅಕ್ಕ. "ಬರ್ಲೇಬೇಕು. ಟೀಚರ್ ಹೇಳ್ತಿದೀನಿ."

ಹಾಗೆ ಹೇಳಿದ್ದಕ್ಕೇ ಅವಳು ಬಂದದ್ದು. ಇಷ್ಟವಿದ್ದು ಬಂದವಳಂತೆ ಕಾಣಲಿಲ್ಲ. ಅಷ್ಟರಲ್ಲಿ ಸೌಂಡು ದೊಡ್ಡ ಸ್ಪೀಕರನ್ನು ಮೂರು ಮಹಡಿ ಹೊತ್ತು ತಂದು ಕಿಟಕಿಯ ಪಕ್ಕ ನಿಲ್ಲಿಸಿ, ವೈರು ಜೋಡಿಸಿ, ಸದ್ದು ನೋಡಿ ಮುಗಿಸಿದ್ದ. ಹಳೆಯ ಡಬ್ಬವನ್ನು ಬಾಗಿಲಾಚೆಯ ಮೆಟ್ಟಿಲ ಮೇಲಿಟ್ಟಿದ್ದ. ಅದರ ಮೇಲಿನ ಟೇಪು ಹೊಳೆಯುತ್ತಿತ್ತು. ಅಕ್ಕ ಅದನ್ನು ಅಂಟಿಸಿ ಹೆಚ್ಚು ದಿನವಾಗಿರಲಿಲ್ಲ.

ಗುಬ್ಬಿ ಪಿಯಾನೋ ಮುಂದೆ ಕೂತು ಬಲಗೈ ಮಾತ್ರ ಕೀಗಳ ಮೇಲಿಟ್ಟಳು. ಎಡಗೈ ಮಡಿಲಲ್ಲಿತ್ತು. ಅವಳ ಕಣ್ಣು ಒಮ್ಮೆ ಸೌಂಡುವಿನ ಕಡೆ ಹೋಗಿ ಬಂತು.

"ನೀನು ಹೊರಗೆ ಹೋಗೋ," ಎಂದಳು ಅಕ್ಕ. ಅವತ್ತಿನಿಂದ ಅವಳು ಅವನ ಜೊತೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದಳು.

ಸೌಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಡಬ್ಬದ ಪಕ್ಕ ಕೂತ. ಬಾಗಿಲು ಮುಚ್ಚಿತು. ಒಳಗೆ ಬಲಗೈಯ ಸ್ವರಗಳು ಶುರುವಾದವು, ಮೇಲಿನವು, ತಿಳಿಯಾಗಿ. ಒಂದು ಸುತ್ತು ಮುಗಿಯಿತು. ಎರಡನೆಯದೂ ಮುಗಿಯಿತು. ಕೆಳಗಿನ ಸ್ವರ ಬರಲಿಲ್ಲ. ಅಕ್ಕ ಏನೋ ಹೇಳುತ್ತಿದ್ದಳು, ಮಾತು ತಿಳಿಯುತ್ತಿರಲಿಲ್ಲ. ಮತ್ತೆ ಬಲಗೈ ಒಂದೇ. ಜೀವಮಾನವಿಡೀ ಸದ್ದು ಕೇಳಿ ಹೊಟ್ಟೆ ಹೊರೆದವನು ಈಗ ಒಂದೇ ಒಂದು ಸದ್ದಿಗಾಗಿ ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದ. ಮೇಲಿನ ಮನೆಯವರು ಇಳಿದು ಬಂದು ಏನಾಯಿತು ಎಂದು ಕೇಳಿದರೆ ಕೈಸನ್ನೆಯಲ್ಲೇ ಮುಂದೆ ಕಳಿಸಿದ.

ಆಮೇಲೆ ಅದು ಬಂತು. ಒಂದು ಕೆಳಗಿನ ಸ್ವರ, ಅದರ ಹಿಂದೆ ಇನ್ನೊಂದು, ಬಿಡಿಬಿಡಿಯಾಗಿ. ಆಮೇಲೆ ನಾಲ್ಕೈದು ಒಟ್ಟಿಗೆ, ಓಡೋಡಿ, ಅಭ್ಯಾಸ ತಪ್ಪಿದ ಕೈ ಎಂದು ಯಾರಿಗಾದರೂ ತಿಳಿಯುವಂತೆ. ಅವುಗಳಲ್ಲಿ ಒಂದು ತಪ್ಪು ಸ್ವರ. ಎಷ್ಟು ನಿಚ್ಚಳವಾಗಿ ತಪ್ಪೆಂದರೆ ಮೆಟ್ಟಿಲ ಮೇಲೆ ಕೂತವನಿಗೂ ಕೇಳಿಸಿತು.

"ತಪ್ಪು!" ಎಂದು ಒಳಗಿನಿಂದ ಅಕ್ಕನ ದನಿ ಮೊಳಗಿತು, ಶಾಲೆಯ ಕಾಲದ ಹಳೇ ದನಿ. "ನಾಲ್ಕನೇ ಬೆರಳು ಅಲ್ಲಿಗೆ ಯಾಕೆ ಹೋಯ್ತು? ಮೊದಲಿಂದ."

ಗುಬ್ಬಿ ಮೊದಲಿಂದ ಶುರು ಮಾಡಿದಳು, ಎರಡೂ ಕೈಯಲ್ಲಿ. ಪ್ರವೇಶ ಪರೀಕ್ಷೆಗೆ ವಯಸ್ಸಿನ ಮಿತಿ ಇದೆಯೆಂದೂ ಅದು ಕಳೆದ ವರ್ಷವೇ ದಾಟಿತೆಂದೂ ಅಕ್ಕ ಅವನಿಗೆ ಹಿಂದಿನ ದಿನ ಹೇಳಿದ್ದಳು. ಸೌಂಡು ಜೇಬಿನಿಂದ ಪಟ್ಟಿಯನ್ನೂ ಎರಡು ಸ್ಕ್ರೂಗಳನ್ನೂ ತೆಗೆದ. ಡಬ್ಬದ ಮೇಲಿನ ಟೇಪು ಕಿತ್ತು, ಪಟ್ಟಿಯನ್ನು ಅದರ ಜಾಗಕ್ಕೆ ಕೂರಿಸಿ ಬಿಗಿಯಾಗಿ ತಿರುಗಿಸಿದ. ಒಳಗೆ ಕರೆಯುತ್ತಾರೇನೋ ಎಂದು ಪಾಠ ಮುಗಿಯುವ ತನಕ ಅಲ್ಲೇ ಕಾದ. ಯಾರೂ ಕರೆಯಲಿಲ್ಲ. ಡಬ್ಬವನ್ನು ಎತ್ತಿಕೊಂಡು ಮೆಟ್ಟಿಲಿಳಿದ.